ಹೊಸ ಸರ್ವರ್ ಅಂತ ಹಳೇದು ತಂದು ಕೂರಿಸಿ ಹೋದ್ರು, ಕ್ಲಸ್ಟರ್ ಹಾಕಿಸೋರು ದಯವಿಟ್ಟು ಓದಿ
ಮಡಿಕೇರಿಲಿ ಎಚ್‌ಪಿಸಿ ಕ್ಲಸ್ಟರ್ (ದೊಡ್ಡ ಲೆಕ್ಕಕ್ಕೆ ಒಟ್ಟಿಗೆ ದುಡಿಯೋ ಸರ್ವರ್ ಗುಂಪು) ಹಾಕಿಸ್ಬೇಕು ಅಂದ್ರೆ ಬೆಂಗಳೂರಿನ ವೆಂಡರ್‌ಗಳು ಮೊದ್ಲು ನಗ್ತಾರೆ, ಆಮೇಲೆ ಕೊಟೇಶನ್ ಕಳಿಸ್ತಾರೆ. ನಮ್ಮದು ಚಿಕ್ಕ ಟೀಮು, 2018ರ ಆಗಸ್ಟಲ್ಲಿ ಗುಡ್ಡ ಜರಿದಿದ್ದನ್ನ ಕಣ್ಣಾರೆ ನೋಡಿದೋರು, ಡಬ್ಲ್ಯುಆರ್‌ಎಫ್ ಅನ್ನೋ ಹವಾಮಾನ ಮಾಡೆಲ್ ಓಡಿಸಿ ಮಳೆ ಲೆಕ್ಕ ಹಾಕೋದು ಕೆಲಸ. ನಾಲ್ಕು ನೋಡ್ (ಅಂದ್ರೆ ನಾಲ್ಕು ಸರ್ವರ್), ಒಂದೊಂದಕ್ಕೆ ಎರಡು ಎಎಂಡಿ ಎಪಿಕ್ ಪ್ರೊಸೆಸರ್, ಮಧ್ಯೆ ಜೋಡಿಸೋಕೆ ಇನ್ಫಿನಿಬ್ಯಾಂಡ್ ಅನ್ನೋ ವೇಗದ ಲಿಂಕು, ಒಂದು ಸ್ಟೋರೇಜ್ ಬಾಕ್ಸು, 42 ಯು ರ‍್ಯಾಕು. ಎಲ್ಲಾ ಹೊಸದು ಅಂತ ಪರ್ಚೇಸ್ ಆರ್ಡರಲ್ಲೂ ಇದೆ, ಇನ್‌ವಾಯ್ಸಲ್ಲೂ ಇದೆ.

ವೆಂಡರ್ ಕಡೆಯಿಂದ ಇಬ್ಬರು ಹುಡುಗರು ಬಂದ್ರು. ದೂರದಿಂದ ಬಂದಿದಾರೆ ಪಾಪ ಅಂತ ಕಡಂಬುಟ್ಟು, ಪಂದಿ ಕರಿ ಮಾಡಿ ಬಡಿಸಿದ್ವಿ (ನೆನಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ). ರೈಲ್ ಫಿಟ್ ಮಾಡಿ, ಸರ್ವರ್ ತಳ್ಳಿ, ಪವರ್ ಕೊಟ್ಟು, ಬಯಾಸ್ ಸ್ಕ್ರೀನ್ ತೋರಿಸಿ, "ಆಯ್ತು ಮೇಡಂ, ಇಲ್ಲೊಂದು ಸೈನ್ ಹಾಕಿ, ಕತ್ಲಾಗೋದ್ರೊಳಗೆ ಕುಶಾಲನಗರ ದಾಟ್ಬೇಕು" ಅಂದ್ರು. ಬರ್ನ್-ಇನ್ ಟೆಸ್ಟು (ಪೂರ್ತಿ ಲೋಡಲ್ಲಿ ಗಂಟೆಗಟ್ಟಲೆ ಓಡಿಸಿ ನೋಡೋದು)? "ರಿಮೋಟಲ್ಲಿ ಮಾಡ್ಕೊಡ್ತೀವಿ ಮೇಡಂ." ಇವತ್ತಿನವರೆಗೂ ಮಾಡಿಲ್ಲ.

ಮೊದಲನೇ ದೊಡ್ಡ ಜಾಬಿಗೇ ಒಂದು ನೋಡ್ ಬಿತ್ತು. ಬಿಚ್ಚಿ ನೋಡಿದ್ರೆ ಹೀಟ್‌ಸಿಂಕ್ ಕೆಳಗೆ ಬಿಸಿ ಎಳೆಯೋ ಪೇಸ್ಟು ಒಣಗಿ ವಿಭೂತಿ ತರ ಉದುರ್ತಿದೆ, ಫ್ಯಾನ್ ಜಾಲರಿಲಿ ಧೂಳು, ರ‍್ಯಾಕಿಗೆ ಸ್ಕ್ರೂ ಹಾಕೋ ಕಿವಿಗಳಲ್ಲಿ ಹಳೇ ಗೀರು. ಸೀಲ್ ಇದ್ದ ಡಬ್ಬದಿಂದ ನಮ್ಮ ಕಣ್ಮುಂದೆ ತೆಗೆದ ಸರ್ವರು ಇದು!

ಡಿಸ್ಕಾದ್ರೂ ಹೊಸದಿರ್ಬೇಕು ಅಂತ ಸ್ಮಾರ್ಟ್ (ಡಿಸ್ಕು ತನ್ನ ಬಗ್ಗೆ ತಾನೇ ಇಡೋ ಲೆಕ್ಕ) ನೋಡಿದ್ರೆ ಪವರ್-ಆನ್ ಗಂಟೆ ಬರೀ ಎರಡಂಕಿ, ಸದ್ಯ ಅಂದ್ಕೊಂಡ್ವಿ. ಆಗ ನಮ್ಮ ಟೀಮಿನ ಹುಡುಗ, ಅಕ್ಕ ತಾಳಿ, ಸೀಗೇಟ್ ಕಂಪನಿ ಡಿಸ್ಕಲ್ಲಿ ಫಾರ್ಮ್ ಅಂತ ಇನ್ನೊಂದು ಲಾಗ್ ಇದೆ, 2025ರ ಶುರುವಲ್ಲಿ ಜರ್ಮನಿ ಕಡೆ ಹಳೇ ಡಿಸ್ಕನ್ನ ಹೊಸದು ಅಂತ ಮಾರಿದ ಮೋಸ ಬಯಲಾಗಿದ್ದು ಅದ್ರಿಂದ್ಲೇ, ಅಂತ ಕಮಾಂಡ್ ಹೊಡೆದ. 31 ಸಾವಿರ ಗಂಟೆ. ಮೂರೂವರೆ ವರ್ಷ ಯಾವನ ಡೇಟಾ ಸೆಂಟರಲ್ಲೋ ತಿರುಗಿರೋ ಡಿಸ್ಕು, ಲೆಕ್ಕ ಅಳಿಸಿ ನಮಗೆ. ಒಂದಲ್ಲ, ಎಲ್ಲಾ ಡಿಸ್ಕೂ ಹಂಗೇ. ಟೀಮಿನ ಹುಡುಗರ ಮುಂದೆ ತಲೆ ಎತ್ತೋಕಾಗ್ಲಿಲ್ಲ, ಈ ವೆಂಡರ್‌ನ ಹಿಡಿದಿದ್ದೇ ನಾನಲ್ವಾ.

ಫೋನ್ ಮಾಡಿದ್ರೆ ಏನಂದ ಗೊತ್ತಾ? "ಅದು ಫ್ಯಾಕ್ಟರಿ ಟೆಸ್ಟಿಂಗ್ ಮೇಡಂ." ಮೂರೂವರೆ ವರ್ಷ ಟೆಸ್ಟಿಂಗಾ ರೀ? ಸ್ವಲ್ಪ ಜೋರು ಮಾಡಿದ್ದಕ್ಕೆ "ನಿಮ್ಮ ಕಡೆ ಮಳೆ ಜಾಸ್ತಿ, ತೇವಕ್ಕೆ ಹಂಗಾಗುತ್ತೆ, ಟೆನ್ಶನ್ ಮಾಡ್ಕೋಬೇಡಿ." ಕೊಡಗಿನ ಮಳೆ ಏನೇನೋ ಮಾಡುತ್ತೆ ನಿಜ, ಡಿಸ್ಕಿನ ಗಂಟೆ ಹೆಚ್ಚಿಸಿದ್ದು ಎಲ್ಲೂ ಕೇಳಿಲ್ಲ. ರೂಮಲ್ಲಿ ಡಿಹ್ಯುಮಿಡಿಫೈಯರ್ ಇದೆ, ಮೀಟರ್ ರೀಡಿಂಗ್ ಬರೆದಿಟ್ಟಿದೀವಿ, ಅದನ್ನೂ ಕಳಿಸಿದ್ವಿ. ಅದಕ್ಕೆ ಉತ್ತರಾನೇ ಇಲ್ಲ.

ಆ ಬಿದ್ದ ನೋಡಲ್ಲಿ ಸತ್ತ ಪ್ರೊಸೆಸರ್ ಬದ್ಲು ಇನ್ನೊಂದು ಕೊರಿಯರ್ ಮಾಡಿದ್ರು, ಅದು ಆನ್ ಆಗ್ಲೇ ಇಲ್ಲ. ಎಪಿಕ್ ಗೊತ್ತಿರೋರಿಗೆ ಅರ್ಥ ಆಗಿರ್ಬೇಕು: ಕೆಲವು ಕಂಪನಿ ಸರ್ವರಲ್ಲಿ ಒಂದ್ಸಲ ಬೂಟ್ ಆದ್ರೆ ಚಿಪ್ಪಿನೊಳಗೆ ಫ್ಯೂಸ್ ಸುಟ್ಟು ಆ ಕಂಪನಿಗೇ ಲಾಕ್ ಆಗುತ್ತೆ, ಬೇರೆಯವರ ಬೋರ್ಡಲ್ಲಿ ಮತ್ತೆ ಏಳಲ್ಲ. ಅಂದ್ರೆ ಇದೂ ಸೆಕೆಂಡ್ ಹ್ಯಾಂಡೇ! ಕೇಳಿದ್ರೆ "ಹಂಗಾದ್ರೆ ಬೋರ್ಡ್ ಬದಲಾಯಿಸಿ ಮೇಡಂ, ನಾವೇ ಕೊಡ್ತೀವಿ, ಕೊಟೇಶನ್ ಕಳಿಸ್ಲಾ?" ಎಷ್ಟು ಧೈರ್ಯ ನೋಡಿ. ದುಡ್ಡು ವಾಪಸ್ ಕೊಡಿ ಅಂದಾಗ ಮಾತ್ರ ಧ್ವನಿ ಬದಲಾಯ್ತು: "ರಿಪೋರ್ಟಿಗೆ ಸೈನ್ ಹಾಕಿದೀರಲ್ಲ."

ಹಾಕಿಸೋರಿಗೆ ಹೇಳೋದು ಇಷ್ಟೇ. ಡಬ್ಬ ಒಡೆಯೋ ಮೊದ್ಲೇ ಸೀರಿಯಲ್ ನಂಬರ್ ಬರ್ಕೊಂಡು ತಯಾರಿಸಿದ ಕಂಪನಿ ಹತ್ರಾನೇ ವಾರಂಟಿ ಕೇಳಿ, ವೆಂಡರ್ ಮಾತು ಬೇಡ. ಲಿನ್‌ಪ್ಯಾಕ್ ಅನ್ನೋ ಭಾರೀ ಲೆಕ್ಕದ ಟೆಸ್ಟು ಎರಡು ದಿನ ಬಿಡದೆ ಓಡೋವರೆಗೂ ದುಡ್ಡಲ್ಲಿ ಒಂದು ದೊಡ್ಡ ಪಾಲು ಹಿಡ್ಕೊಳ್ಳಿ, ಆಮೇಲೇ ಸೈನು, ಹುಡುಗರು ಎಷ್ಟೇ ಅವಸರ ಮಾಡ್ಲಿ. ಊಟ ಹಾಕೋದು ನಿಮ್ಮಿಷ್ಟ.

ಹೆಸರು ಕೇಳ್ಬೇಡಿ, ನೋಟಿಸ್ ಹೋಗಿದೆ, ಬರೀಬಾರ್ದು ಅಂತ ವಕೀಲರು ಹೇಳಿದಾರೆ. ಮುಂಗಾರು ಶುರುವಾಗಿದೆ, ಮಾಡೆಲ್ ಓಡ್ಬೇಕಾದ ಹೊತ್ತಲ್ಲಿ ಎರಡು ನೋಡ್ ಸುಮ್ನೆ ಕೂತಿದೆ.