ಹಳೇ ವಿಡಿಯೋ ಕನ್ವರ್ಟ್ ಮಾಡಿಸುವವರೇ, ಒರಿಜಿನಲ್ ಡಿಸ್ಕ್ ಕೊಡಬೇಡಿ

ನಾಟಕ, ಮದುವೆ, ಜಾತ್ರೆಯ ಹಳೇ ವಿಡಿಯೋಗಳನ್ನು ಚಿಕ್ಕದು ಮಾಡಿಸಬೇಕು ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಒರಿಜಿನಲ್ ಫೈಲ್ ಇರುವ ಹಾರ್ಡ್ ಡಿಸ್ಕನ್ನು ಯಾರ ಕೈಗೂ ಕೊಡಬೇಡಿ. ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿ, ಅದನ್ನು ಕೊಡಿ. ಗುಬ್ಬಿ ತಾಲ್ಲೂಕಿನ ನಮ್ಮೂರ ನಾಟಕ ಮಂಡಳಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ನಮ್ಮ ಕಡೆ ಪೌರಾಣಿಕ ನಾಟಕ ಅಂದರೆ ರಾತ್ರಿ ಶುರುವಾಗಿ ಬೆಳಗಿನ ಜಾವ ಮುಗಿಯುವಂಥದ್ದು. ಗುಬ್ಬಿ ವೀರಣ್ಣನವರ ಸೀಮೆ ಇದು, ನಾಟಕದ ಹುಚ್ಚು ಇನ್ನೂ ಬಿಟ್ಟಿಲ್ಲ. ಸಣ್ಣ ಡಿಜಿಟಲ್ ಟೇಪಿಗೆ ಹಿಡಿಯುವ ಮಿನಿ ಡಿವಿ ಕ್ಯಾಮೆರಾ ಇದ್ದ ಕಾಲದಲ್ಲಿ ಮಂಡಳಿಯವರು ಕೆಲವು ನಾಟಕಗಳನ್ನು ಪೂರ್ತಿ ರೆಕಾರ್ಡ್ ಮಾಡಿಸಿ ಡಿಸ್ಕಿಗೆ ಹಾಕಿಸಿದ್ದರು. ಡಿವಿ ಫೈಲ್ ಗಂಟೆಗೆ ಸುಮಾರು 13 ಜಿಬಿ ಜಾಗ ತಿನ್ನುತ್ತದೆ. ಒಂದು ರಾತ್ರಿಯ ನಾಟಕವೇ 100 ಜಿಬಿ ಹತ್ತಿರ ಹೋಗುತ್ತದೆ. ಮೊಬೈಲಿನಲ್ಲಿ ನೋಡುವ ಹಾಗಾಗಲಿ ಅಂತ ಮಂಡಳಿಯ ಹಿರಿಯರು ತುಮಕೂರಿನ ಒಂದು ಅಂಗಡಿಗೆ ಡಿಸ್ಕ್ ಕೊಟ್ಟರು. "ಸೈಜ್ ಕಮ್ಮಿ ಆಗುತ್ತೆ ಯಜಮಾನ್ರೇ, ಕ್ಲಾರಿಟಿ ಹಂಗೇ ಇರುತ್ತೆ" ಅಂದರಂತೆ.

ಡಿಸ್ಕ್ ವಾಪಸ್ ಬಂದ ಮೇಲೆ ಹಾರ್ಮೋನಿಯಂ ಮೇಷ್ಟ್ರ ಮನೆಯಲ್ಲಿ ಟಿವಿಗೆ ಹಾಕಿದೆವು. ದುರ್ಯೋಧನನ ಮುಖ, ಕಿರೀಟ ಎಲ್ಲ ಅಗಲಕ್ಕೆ ಎಳೆದುಕೊಂಡಿದ್ದವು. ಗದೆ ಬೀಸಿದಾಗೆಲ್ಲ ಅದರ ಅಂಚು ಬಾಚಣಿಗೆ ಹಲ್ಲಿನ ಹಾಗೆ ಗೆರೆಗೆರೆಯಾಗಿ ಒಡೆಯುತ್ತಿತ್ತು. ಕಂದ ಪದ್ಯ ಬಂತು. ಮೇಷ್ಟ್ರು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, "ನನ್ನ ಪೆಟ್ಟಿಗೆ ಎಲ್ಲಿ ಹೋಯ್ತಪ್ಪಾ?" ಅಂದರು. ಹಾಡು ಎಲ್ಲೋ ದೂರದಲ್ಲಿ ಕೇಳುತ್ತಿತ್ತು. ಮುಂದೆ ಕೇಳುತ್ತಿದ್ದದ್ದು ಜನರ ಮಾತು, ಜನರೇಟರ್ ಸದ್ದು.

ಒರಿಜಿನಲ್ ಹುಡುಕಿದರೆ ಒಂದೂ ಇಲ್ಲ. ಅಂಗಡಿಯವರು ಬಿಟ್ಟುಹೋಗಿದ್ದ ಒಂದು ಚಿಕ್ಕ ಬ್ಯಾಚ್ ಫೈಲ್ (ಕಂಪ್ಯೂಟರಿಗೆ ಸಾಲಾಗಿ ಕೊಡುವ ಕಮಾಂಡುಗಳ ಪಟ್ಟಿ) ಮಾತ್ರ ಅಲ್ಲೇ ಇತ್ತು. ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿದೆ. ಆಗಿದ್ದೆಲ್ಲ ಆ ನಾಲ್ಕಾರು ಸಾಲಿನಲ್ಲೇ ಇತ್ತು.

ಕನ್ವರ್ಟ್ ಮಾಡಿದ್ದು ಎಫ್‌ಎಫ್‌ಎಂಪೆಗ್. 2000ದಿಂದ ಇರುವ, ದುಡ್ಡಿಲ್ಲದೆ ಸಿಗುವ, ಬಹಳ ಒಳ್ಳೆಯ ತಂತ್ರಾಂಶ. ಅದನ್ನು ನಾನು ಒಂಚೂರೂ ದೂರುವುದಿಲ್ಲ. ಹೇಳಿದ್ದನ್ನು ಅದು ಹೇಳಿದ ಹಾಗೇ ಮಾಡುತ್ತದೆ, ಹೇಳದೇ ಇದ್ದರೆ ತನ್ನ ನಿಯಮದ ಪ್ರಕಾರ ಹೋಗುತ್ತದೆ. ಆ ನಿಯಮ ಇದು: ಫೈಲಿನಲ್ಲಿ ಎಷ್ಟೇ ಆಡಿಯೋ ಟ್ರ್ಯಾಕ್ ಇರಲಿ, ಒಂದನ್ನು ಮಾತ್ರ ತೆಗೆದುಕೊಳ್ಳುತ್ತದೆ. ಸಾಮಾನ್ಯವಾಗಿ ಜಾಸ್ತಿ ಚಾನೆಲ್ (ಎಡ, ಬಲ ಥರದ ದನಿ) ಇರುವುದಕ್ಕೆ ಮೊದಲ ಆದ್ಯತೆ. ಎರಡೂ ಸಮ ಇದ್ದರೆ ಮೊದಲನೆಯದು. ನಮ್ಮ ಫೈಲುಗಳಲ್ಲಿ ಮೊದಲನೆಯದು ಕ್ಯಾಮೆರಾದ ಮೈಕು. ಮಿಕ್ಸರಿನಿಂದ ನೇರ ತಂತಿ ಎಳೆದು ಹಿಡಿದಿದ್ದ ಪದ್ಯ, ಹಾರ್ಮೋನಿಯಂ, ತಬಲ ಎಲ್ಲ ಎರಡನೆಯದರಲ್ಲಿದ್ದವು. ಕಮಾಂಡಿನಲ್ಲಿ 'ಹೈಫನ್ ಮ್ಯಾಪ್ ಸೊನ್ನೆ' ಅಂತ ಒಂದು ಮಾತು ಸೇರಿಸಿದ್ದರೆ ಎರಡೂ ಉಳಿಯುತ್ತಿದ್ದವು.

ಮುಖ ಅಗಲವಾಗಿದ್ದು ಹಳೇ ಟಿವಿ ಅಳತೆಯ 4:3 ಚಿತ್ರವನ್ನು ಅಗಲ ಪರದೆಯ 1280x720ಕ್ಕೆ ಎಳೆದಿದ್ದರಿಂದ. ಅದನ್ನು ಪ್ಲೇಯರಿನಲ್ಲೇ ಸರಿ ಮಾಡಿಕೊಂಡು ನೋಡಬಹುದು, ಬಿಡಿ. ಗೆರೆಗಳದು ಹಾಗಲ್ಲ. ನಮ್ಮಲ್ಲಿದ್ದ ಡಿವಿ ಇಂಟರ್‌ಲೇಸ್ಡ್ ವಿಡಿಯೋ. ಒಂದೊಂದು ಫ್ರೇಮಿನಲ್ಲೂ ಸಾಲು ಬಿಟ್ಟು ಸಾಲು, ಸೆಕೆಂಡಿನ 50ನೇ ಒಂದು ಭಾಗದಷ್ಟು ಹಿಂದೆಮುಂದೆ ಹಿಡಿದ ಎರಡು ಚಿತ್ರ ಇರುತ್ತವೆ. ಮೊದಲು 'ಯಾಡಿಫ್' ಥರದ ಫಿಲ್ಟರ್ ಹಾಕಿ ಇಂಟರ್‌ಲೇಸ್ ಬಿಡಿಸಬೇಕು, ಆಮೇಲೆ ಸೈಜ್ ಬದಲಿಸಬೇಕು. ಅದನ್ನು ಬಿಡಿಸದೆ ಎತ್ತರ ಬದಲಿಸಿದರೆ ಸಾಲುಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಮತ್ತೆ ಬೇರೆ ಮಾಡಲು ಆಗುವುದಿಲ್ಲ.

ನನಗೆ ನಿಜವಾಗಲೂ ಸಿಟ್ಟು ಬಂದದ್ದು ಕೊನೆಯ ಸಾಲಿಗೆ. ಕನ್ವರ್ಟ್ ಆದ ತಕ್ಷಣ 'ಡೆಲ್', ಅಂದರೆ ಒರಿಜಿನಲ್ ಅಳಿಸು. ಕೆಲಸ ಸರಿಯಾಗಿ ಮುಗಿಯಿತಾ ಅಂತ ನೋಡುವ ಮಾತೇ ಇಲ್ಲ. ಕಮಾಂಡ್ ಕೊಟ್ಟು ಅಳಿಸಿದ್ದು ರೀಸೈಕಲ್ ಬಿನ್ನಿಗೂ ಹೋಗುವುದಿಲ್ಲ. ಒಂದು ನಾಟಕದ ಹೊಸ ಫೈಲ್ ತೆರೆಯಲೇ ಇಲ್ಲ, 'ಮೂವ್ ಆಟಮ್ ನಾಟ್ ಫೌಂಡ್' ಅಂತ ಎರರ್. ಮೂವ್ ಆಟಮ್ ಅಂದರೆ ಎಂಪಿ4 ಫೈಲಿನ ಸೂಚಿ, ಅದನ್ನು ಎಫ್‌ಎಫ್‌ಎಂಪೆಗ್ ಸಾಮಾನ್ಯವಾಗಿ ಕೊನೆಗೆ ಬರೆಯುತ್ತದೆ. ಡಿಸ್ಕ್ ತುಂಬಿ ಅದನ್ನು ಬರೆಯಲು ಜಾಗ ಇರಲಿಲ್ಲ ಅನ್ನಿಸುತ್ತದೆ. ಅಷ್ಟಾದರೂ ಮುಂದಿನ ಸಾಲು ಓಡಿ ಒರಿಜಿನಲ್ ಅಳಿಸಿದೆ. ಅಳಿಸಿದ್ದರಿಂದ ಜಾಗ ಸಿಕ್ಕಿ ಮುಂದಿನ ನಾಟಕ ಸಲೀಸಾಗಿ ಕನ್ವರ್ಟ್ ಆಗಿದೆ! ಅಂಗಡಿಯಲ್ಲಿ ಕೇಳಿದ್ದಕ್ಕೆ, "ಯಾವಾಗ್ಲೂ ಹಿಂಗೇ ಮಾಡೋದು ಸಾರ್" ಅಂದರು. ಟೇಪುಗಳೂ ಇಲ್ಲ, ಕ್ಯಾಮೆರಾದವರು ಅವುಗಳ ಮೇಲೆ ಯಾವುದೋ ಮದುವೆ ತುಂಬಿಸಿದ್ದಾರೆ.

ಕೆಲಸ ಕೊಡುವ ಮುಂಚೆ ಐದು ನಿಮಿಷದ ತುಂಡೊಂದನ್ನು ಮಾಡಿಸಿ ನೋಡಿ. ಜೋರಾಗಿ ಓಡಾಡುವ ದೃಶ್ಯವನ್ನೇ ಆರಿಸಿ, ಹಾಡಿನ ಭಾಗವನ್ನು ಹೆಡ್‌ಫೋನ್ ಹಾಕಿ ಕೇಳಿ. ಒಳಗೆ ಎಷ್ಟು ಟ್ರ್ಯಾಕ್ ಇವೆ ಅಂತ ಎಫ್‌ಎಫ್‌ಎಂಪೆಗ್ ಜೊತೆಗೇ ಬರುವ ಎಫ್‌ಎಫ್‌ಪ್ರೋಬ್ ಹೇಳುತ್ತದೆ, ಮುಂಚೆ ಒಮ್ಮೆ, ಆಮೇಲೆ ಒಮ್ಮೆ ನೋಡಿ. ನೀವೇ ಮಾಡುವುದಾದರೆ, ನೆಟ್ಟಿನಲ್ಲಿ ಸಿಕ್ಕ ಸ್ಕ್ರಿಪ್ಟಿನಲ್ಲಿ 'ಹೈಫನ್ ವೈ' ಇದೆಯಾ ಅಂತ ಹುಡುಕಿ. ಇದ್ದರೆ ಅದೇ ಹೆಸರಿನ ಹಳೇ ಫೈಲಿನ ಮೇಲೆ ಕೇಳದೆಯೇ ಬರೆದುಬಿಡುತ್ತದೆ. ಹೊಸ ಫೈಲುಗಳಿಗೆ ಬೇರೆ ಡಿಸ್ಕನ್ನೇ ಇಡಿ.

ಈಗಾಗಲೇ ಹೀಗಾಗಿದ್ದರೆ ಆ ಡಿಸ್ಕನ್ನು ತಕ್ಷಣ ಕಂಪ್ಯೂಟರಿನಿಂದ ತೆಗೆದಿಡಿ, ಅದರ ಮೇಲೆ ಏನೂ ಬರೆಯಬೇಡಿ. ತಿರುಗುವ ಹಾರ್ಡ್ ಡಿಸ್ಕ್ ಆದರೆ, ಅಳಿಸಿದ ಜಾಗದ ಮೇಲೆ ಬೇರೆ ಏನೂ ಬರೆಯದೇ ಇದ್ದರೆ, ರಿಕವರಿಯಲ್ಲಿ ಸಿಗಬಹುದು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯಲ್ಲಿ ಆ ಆಸೆ ಬಹಳ ಕಡಿಮೆ. ನಮ್ಮದರಲ್ಲಿ ಮೊದಮೊದಲು ಅಳಿಸಿದ ನಾಟಕಗಳ ಜಾಗದ ಮೇಲೆ ಹೊಸ ಫೈಲುಗಳು ಕೂತಿದ್ದವು. ಕೊನೆಯಲ್ಲಿ ಅಳಿಸಿದ ನಾಟಕ ಮಾತ್ರ ಎರಡೂ ಟ್ರ್ಯಾಕಿನ ಸಮೇತ ಸಿಕ್ಕಿದೆ, ಅದೂ ನಡುನಡುವೆ ತುಂಡಾಗಿ.