ಅಡುಗೆ ಕಟ್ಟೆಗೆ ಯಾವ ಕಲ್ಲು? ಕಡಪ, ಕಪ್ಪು ಗ್ರಾನೈಟ್, ಇಳಕಲ್ ಕೆಂಪು

ಕೊಡಗಿನ ಮನೆಗೆ ಅಡುಗೆ ಕಟ್ಟೆಯ ಕಲ್ಲು ಆರಿಸುವಾಗ ಬಣ್ಣ ಆಮೇಲೆ ನೋಡಿ, ಮೊದಲು ಕಾಚಂಪುಳಿ (ನಮ್ಮ ಪಂದಿ ಕರಿಗೆ, ಅಂದರೆ ಹಂದಿ ಮಾಂಸದ ಅಡುಗೆಗೆ ಹಾಕುವ ಕಡು ಹುಳಿ ರಸ) ಹಾಕಿ ನೋಡಿ. ನಾನು ಕುಶಾಲನಗರದ ಕಲ್ಲಿನ ಅಂಗಡಿಯಿಂದ ಮೂರು ಜಾತಿಯ ಒಡೆದ ತುಂಡುಗಳನ್ನು ತಂದು (ಕೇಳಿದರೆ ಸುಮ್ನೆ ಕೊಡುತ್ತಾರೆ) ಒಂದೊಂದು ಹನಿ ಬಿಟ್ಟು ರಾತ್ರಿಯಿಡೀ ಹಾಗೇ ಇಟ್ಟೆ.

ಬೆಳಿಗ್ಗೆ ಒರೆಸಿದರೆ ಕಡಪದ ಮೇಲೆ ಹನಿ ಬಿದ್ದಷ್ಟೇ ಅಗಲದ ಮಂಕು ಗುರುತು. ಬೆರಳಾಡಿಸಿದರೆ ತರಿ ತರಿ. ಹುಳಿ ಕಲ್ಲನ್ನೇ ತಿಂದಿತ್ತು, ಇನ್ನು ತಿಕ್ಕಿ ಏನು ಪ್ರಯೋಜನ? ಕಡಪ ಅಂದರೆ ಸುಣ್ಣದ ಕಲ್ಲು, ನೀರಿನ ತಳದಲ್ಲಿ ಪದರ ಪದರವಾಗಿ ಕೂತು ಗಟ್ಟಿಯಾದದ್ದು. ಚಾಕುವಿನಿಂದ ಗೀರಿದರೂ ಬಿಳಿ ಗೆರೆ ಬೀಳುತ್ತದೆ. ಪಂದಿ ಕರಿ ಮಾಡುವ ಮನೆಗೆ ಅಗ್ಗ ಅಂತ ಇದನ್ನು ಹಾಕಿಸಬೇಡಿ, ಶೆಲ್ಫಿಗೆ ಸಾಕು.

ಉಳಿದೆರಡೂ ಅಗ್ನಿಶಿಲೆ, ಅಂದರೆ ಕರಗಿದ ಶಿಲಾಪಾಕ ಆರಿ ಕಲ್ಲಾದವು. ಹುಳಿಯ ಗುರುತೇ ಇಲ್ಲ. ಇವೆರಡರ ನಡುವಿನ ವ್ಯತ್ಯಾಸ ಎಷ್ಟು ಬೇಗ ಆರಿದವು ಅನ್ನುವುದರಲ್ಲಿದೆ. ಇಳಕಲ್ ಕೆಂಪು ಸುಮಾರು 250 ಕೋಟಿ ವರ್ಷದ ಹಿಂದೆ ನೆಲದಡಿ ತುಂಬಾ ಆಳದಲ್ಲಿ ನಿಧಾನವಾಗಿ ಆರಿದ್ದು, ಹಾಗಾಗಿ ಹರಳು ದಪ್ಪ. ಕೆಂಪಗಿರುವುದು ಫೆಲ್ಡ್‌ಸ್ಪಾರ್, ಗಾಜಿನ ಚೂರಿನಂತೆ ಮಿನುಗುವುದು ಕ್ವಾರ್ಟ್ಸ್, ಕಪ್ಪು ಚುಕ್ಕೆಗಳಲ್ಲಿ ಕಾಗೆಬಂಗಾರವೂ ಇದೆ. ಅಂಗಡಿಯವರು ಕಪ್ಪು ಗ್ರಾನೈಟ್ ಅಂತ ಮಾರುವುದು ಹೆಚ್ಚಾಗಿ ಡಾಲರೈಟ್. ಬಿಸಿ ಪಾಕ ಮೇಲೆ ಬರುತ್ತಾ ಬಂಡೆಯ ಬಿರುಕಿಗೆ ನುಗ್ಗಿ ಬೇಗ ಆರಿದ್ದು, ಹರಳು ಸಣ್ಣ, ಒತ್ತೊತ್ತು. ಚಾಮರಾಜನಗರದ ಕಡೆಯ ಕಪ್ಪು ಕಲ್ಲಿಗೆ ಬೇಡಿಕೆ ಜಾಸ್ತಿ.

ಅರಿಶಿನ ಕಲಸಿದ ಎಣ್ಣೆ ಹಚ್ಚಿದಾಗ ಇದು ಚೆನ್ನಾಗಿ ಗೊತ್ತಾಯಿತು. ಕಪ್ಪಿನ ಮೇಲಿಂದ ಒಂದೇ ಸಲಕ್ಕೆ ಹೋಯಿತು. ಕೆಂಪಿನಲ್ಲಿ ಹರಳುಗಳ ಸಂದಿಯಲ್ಲಿ ಕೂದಲೆಳೆಯಷ್ಟು ಹಳದಿ ಉಳಿಯಿತು. ಹಾಗಂತ ಕಪ್ಪು ಸಾಧು ಕಲ್ಲೇನಲ್ಲ, ಅಕ್ಕಿ ರೊಟ್ಟಿ ತಟ್ಟಿದ ಮೇಲೆ ಹಿಟ್ಟಿನ ಒಂದೊಂದು ಕಣವೂ ಎದ್ದು ಕಾಣುತ್ತದೆ, ನೀರು ಒಣಗಿದರೂ ಕಲೆ, ದಿನಕ್ಕೆ ಹತ್ತು ಸಲ ಬಟ್ಟೆ ಹಿಡಿಯಬೇಕು. ಆದರೂ ಕಟ್ಟೆಗೆ ನನ್ನ ಓಟು ಅದಕ್ಕೇ. ಕೊಳ್ಳುವ ಮೊದಲು ಹತ್ತಿಗೆ ಥಿನ್ನರ್ ಹಾಕಿ ಉಜ್ಜಿ ನೋಡಿ. ಹತ್ತಿ ಕಪ್ಪಾದರೆ ಬಣ್ಣ ಹೊಡೆದ ಕಲ್ಲು, ಬೇಡ.

ಹೊರಗಿನ ಮೆಟ್ಟಿಲಿಗೆ ಮಾತ್ರ ಲೆಕ್ಕ ಉಲ್ಟಾ. ಪಾಲಿಶ್ ಮಾಡಿದ ಕಪ್ಪು ಕಲ್ಲಿನ ಮೇಲೆ ನಮ್ಮ ಜುಲೈ ಮಳೆ ಬಿದ್ದರೆ ಕಾಲು ನಿಲ್ಲುವುದಿಲ್ಲ. ಇಳಕಲ್ ಕಲ್ಲನ್ನು ಫ್ಲೇಮ್ ಫಿನಿಶ್ ಮಾಡಿಸಿ ಹಾಕಿ. ಬೆಂಕಿಯ ಝಳಕ್ಕೆ ಮೇಲಿನ ಹರಳುಗಳು ಒಮ್ಮೆಲೇ ಹಿಗ್ಗಿ ಚಟಚಟ ಅಂತ ಸಿಡಿದು ಹೋಗುತ್ತವೆ, ಉಳಿದ ಮೈ ಒರಟು, ಚಪ್ಪಲಿಗೆ ಹಿಡಿತ ಸಿಗುತ್ತದೆ. ಆದರೆ ಆ ಒರಟಿನಲ್ಲಿ ಪಾಚಿಯೂ ಬೇಗ ಹಿಡಿಯುತ್ತದೆ, ಮಳೆ ಬಿಡುವು ಕೊಟ್ಟಾಗ ಗಟ್ಟಿ ಬ್ರಷ್ ಹಿಡಿದು ತಿಕ್ಕಲೇಬೇಕು.