ಶಿವಮೊಗ್ಗದಲ್ಲಿ ವೀಲ್ ಅಲೈನ್‌ಮೆಂಟ್: ಮೊದಲು ಬುಶ್, ಆಮೇಲೆ ಮೆಷಿನ್

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆಯ ಈ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಹೊಂದಿಸುವ) ಶಾಪ್‌ಗೆ ಐದಕ್ಕೆ ನಾಲ್ಕು ಸ್ಟಾರ್. ತ್ರೀಡಿ ಮೆಷಿನ್ ಇದೆ ಅನ್ನೋದಕ್ಕಲ್ಲ, ಅದು ಈಗ ಎಲ್ಲ ಕಡೆ ಸಿಗುತ್ತೆ. ಇಲ್ಲಿ ಚಕ್ರಕ್ಕೆ ಮೆಷಿನ್ನಿನ ಕ್ಲ್ಯಾಂಪ್ ಹಾಕೋ ಮೊದಲು ಗಾಡಿ ಎತ್ತಿ, ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ ಬಾಲ್ ಜಾಯಿಂಟ್ (ಚಕ್ರ ಹಿಡಿದಿರುವ ಕೀಲು), ಬೇರಿಂಗ್ ನೋಡುತ್ತಾರೆ; ಅಕ್ಕಪಕ್ಕ ಹಿಡಿದು ಟೈ ರಾಡ್ (ಸ್ಟೇರಿಂಗ್ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಸಲಾಕೆ) ಎಂಡ್ ನೋಡುತ್ತಾರೆ. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋಯರ್ ಆರ್ಮ್‌ನ ಬುಶ್‌ಗೆ (ಕೀಲಿನ ರಬ್ಬರ್‌ಗೆ) ಲಿವರ್ ಕೊಟ್ಟು ಪರೀಕ್ಷೆ ಮಾಡುತ್ತಾರೆ. ಮಲೆನಾಡಿನ ಗಾಡಿಗೆ ಬೇಕಾಗಿರೋದೇ ಇದು. ಬುಶ್ ಹರಿದಿದ್ದರೆ ಬ್ರೇಕ್ ಒತ್ತಿದ ತಕ್ಷಣ ಚಕ್ರ ಹಿಂದೆ ಸರಿದು ಟೋ, ಅಂದರೆ ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಬದಲಾಗುತ್ತೆ. ಪರದೆ ಮೇಲೆ ಹಸಿರು ತೋರಿಸಿದ ಅಂಕಿ ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಉಳಿಯೋದಿಲ್ಲ.

ಬುಶ್ ಬದಲಿಸಿದರೆ ಅದರ ಬೋಲ್ಟನ್ನು ಪೂರ್ತಿ ಟೈಟ್ ಮಾಡೋದು ಗಾಡಿ ನೆಲಕ್ಕಿಳಿದು ಭಾರ ಬಿದ್ದ ಮೇಲೇ. ಚಕ್ರ ನೇತಾಡುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಎಷ್ಟೋ ಶಾಪ್‌ಗಳು ತಪ್ಪುವುದು ಈ ಹಂತದಲ್ಲೇ.

ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಸರಿಹೊಂದಿಸಲು ಸಿಗೋದು ಮುಂದಿನ ಟೋ ಒಂದೇ. ಸ್ಟೇರಿಂಗ್ ನೇರ ಮಾಡಿ ಲಾಕ್ ಹಾಕಿ, ಲಾಕ್ ನಟ್ ಸಡಿಲಿಸಿ ಎರಡೂ ಟೈ ರಾಡ್ ತಿರುಗಿಸಬೇಕು. ಆಗ ರ‍್ಯಾಕ್ (ಸ್ಟೇರಿಂಗ್‌ನ ಹಲ್ಲಿನ ದಂಡ) ಮುಚ್ಚುವ ರಬ್ಬರ್ ಬೂಟಿನ ಕ್ಲಿಪ್ ಬಿಡಿಸದಿದ್ದರೆ ಬೂಟ್ ತಿರುಚಿ ಸೀಳುತ್ತೆ, ಮಳೆಗಾಲದ ಕೆಸರು ನೀರು ನೇರ ರ‍್ಯಾಕ್‌ಗೆ ಇಳಿಯುತ್ತೆ. ಇಲ್ಲಿನ ಹುಡುಗರು ಕ್ಲಿಪ್ ಬಿಡಿಸೋದನ್ನು ಮರೆಯೋದಿಲ್ಲ.

ಗಾಡಿ ಒಂದು ಕಡೆ ಎಳೆದರೆ ಟೋ ಮೇಲೆ ಮಾತ್ರ ಗೂಬೆ ಕೂರಿಸಬೇಡಿ. ಟೋ ತಪ್ಪಿದರೆ ಸಾಮಾನ್ಯವಾಗಿ ಸ್ಟೇರಿಂಗ್ ಓರೆಯಾಗುತ್ತೆ, ಟೈರ್ ಗರಗಸದ ಹಲ್ಲಿನಂತೆ ಸವೆಯುತ್ತೆ. ಎಳೆತಕ್ಕೆ ಕಾರಣ ಎಡ-ಬಲ ಕ್ಯಾಂಬರ್‌ನಲ್ಲಿ (ಮುಂದಿನಿಂದ ನೋಡಿದಾಗ ಚಕ್ರದ ವಾಲಿಕೆಯಲ್ಲಿ) ಅರ್ಧ ಡಿಗ್ರಿಗಿಂತ ಹೆಚ್ಚಿನ ವ್ಯತ್ಯಾಸ ಇರಬಹುದು, ಟೈರಿನದೇ ದೋಷವೂ ಇರಬಹುದು. ಮುಂದಿನ ಎರಡು ಟೈರ್ ಅದಲು ಬದಲು ಮಾಡಿದಾಗ ಎಳೆತವೂ ದಿಕ್ಕು ಬದಲಿಸಿದರೆ ದೋಷ ಟೈರಿನದು. ದಿಕ್ಕಿನ ಬಾಣ ಇರುವ ಟೈರುಗಳಲ್ಲಿ ಮಾತ್ರ ಹೀಗೆ ಮಾಡುವಂತಿಲ್ಲ.

ತಿರುವಿನಲ್ಲಿ ಚುರುಕಾಗಲಿ ಅಂತ ಕೆಲವರು ಟೋ-ಔಟ್ (ಚಕ್ರಗಳ ಮುಂಭಾಗ ಹೊರಕ್ಕೆ ತಿರುಗಿರುವಂತೆ) ಕೇಳುತ್ತಾರೆ. ಒದ್ದೆ ರಸ್ತೆಯಲ್ಲಿ ನೇರ ಹೋಗುವಾಗ ಅದು ಗಾಡಿಯನ್ನು ಚಂಚಲ ಮಾಡುತ್ತೆ, ಟೈರಿನ ಒಳ ಅಂಚು ತಿನ್ನುತ್ತೆ. ಕಂಪನಿ ಹೇಳಿದ ಮಿತಿಯ ಮಧ್ಯದಲ್ಲೇ ಇಡಿಸಿಕೊಳ್ಳಿ. ಗಾಡಿ ತಗ್ಗಿಸೋ ಸ್ಪ್ರಿಂಗ್ ಅಂತೂ ಹಳ್ಳಿ ರಸ್ತೆಯ ಹಂಪು, ಗುಂಡಿಗಳಿಗೆ ಬೇಡವೇ ಬೇಡ. ಸಸ್ಪೆನ್ಷನ್ ಬಂಪ್ ಸ್ಟಾಪಿಗೆ (ಕೊನೆಯ ರಬ್ಬರ್ ತಡೆಗೆ) ಬಡಿದರೆ ಹಿಡಿತವೇ ಹೋಗುತ್ತೆ. ಶಾಕ್ ಅಬ್ಸಾರ್ಬರ್ ಎಣ್ಣೆ ಸೋರುತ್ತಿದ್ದರೆ ಜೋಡಿಯಾಗಿಯೇ ಬದಲಿಸಿ.

ಹೋಗುವ ಮೊದಲು ರಿಮ್ಮಿನ ಒಳಗಿನ ಕೆಮ್ಮಣ್ಣು ತೊಳೆಸಿ, ಇಲ್ಲದಿದ್ದರೆ ಬ್ಯಾಲೆನ್ಸಿಂಗ್ ಸುಳ್ಳು ಹೇಳುತ್ತೆ. ಗಾಳಿ ತಣ್ಣಗಿನ ಟೈರಿಗೆ ಹಾಕಿಸಿ, ಡಿಕ್ಕಿಯ ಭಾರ ಇಳಿಸಿ. ಮೊದಲಿನ ಮತ್ತು ನಂತರದ ಪ್ರಿಂಟ್ ಕೇಳದೇ ಕೊಡುತ್ತಾರೆ.

ಒಂದು ಸ್ಟಾರ್ ಕಡಿಮೆಯಾಗಿದ್ದು ಗಾಡಿಯ ಕಂಪ್ಯೂಟರ್‌ಗೆ ಜೋಡಿಸುವ ಸ್ಕ್ಯಾನರ್ ಇಲ್ಲದ್ದಕ್ಕೆ. ಇಎಸ್‌ಪಿ (ಗಾಡಿ ಜಾರದಂತೆ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಇರುವ ಕೆಲವು ಗಾಡಿಗಳಲ್ಲಿ ಅಲೈನ್‌ಮೆಂಟ್ ಆದಮೇಲೆ ಸ್ಟೇರಿಂಗ್ ಆ್ಯಂಗಲ್ ಸೆನ್ಸರ್ ರೀಸೆಟ್ ಆಗಬೇಕು. ಅಂಥ ಕಾರಿನವರು ಆ ಕೆಲಸವನ್ನು ಬೇರೆ ಕಡೆ ಮಾಡಿಸಿಕೊಂಡೇ ಘಾಟಿ ಹತ್ತಿ.